ಪ್ರತಿದಿನವೂ ಜನವರಿ ಒಂದು

ಗುಡುಗಿದರೆ ಪ್ಲಗ್ ತೆಗೆಯಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ತಾನಾಗಿಯೇ ಬರುತ್ತದೆ. ಮಳೆಗಾಲ ಮುಗಿದು ಬಿಸಿಲು ಶುರುವಾದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಘಟ್ಟದ ಕಡೆಯಿಂದ ಒಂದು ಸದ್ದು ಬಂದರೆ ಸಾಕು, ಉಡುಪಿಯಿಂದ ಕಾರ್ಕಳದವರೆಗೆ ಟಿವಿ, ಫ್ರಿಜ್, ಮಿಕ್ಸಿ, ವೈಫೈ ಎಲ್ಲದರ ಬಾಲ ಗೋಡೆಯಿಂದ ಹೊರಗೆ. ನಾನೂ ತೆಗೆಯುತ್ತೇನೆ. ಇಪ್ಪತ್ತು ವರ್ಷದಿಂದ ನೆಟ್‌ವರ್ಕ್ ಕೆಲಸ ಮಾಡುವವಳು, ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಅಂತ ಕಂಡವರಿಗೆಲ್ಲ ಭಾಷಣ ಬಿಗಿಯುವವಳು, ಮನೆಯಲ್ಲಿ ನಾನೇ ಮೊದಲು ಓಡುವುದು.

ಇದನ್ನು ಮೊದಲೇ ಹೇಳಲು ಕಾರಣ ಉಂಟು. ಕೆಳಗಿನದ್ದನ್ನು ಓದಿ, ಪ್ಲಗ್ ತೆಗೆದವರದ್ದೇ ತಪ್ಪು ಅಂತ ಕಾಮೆಂಟ್ ಹಾಕುವವರು ಖಂಡಿತ ಇದ್ದಾರೆ. ಹಾಕಬೇಡಿ. ತಪ್ಪು ನನ್ನದು.

ಕಾಪು ತಾಲೂಕಿನಲ್ಲಿ, ಶಿರ್ವದಿಂದ ಸ್ವಲ್ಪ ಒಳಗೆ, ಒಂದು ಊರಿನ ಗ್ರಂಥಾಲಯ. ಎರಡೇ ಕೋಣೆ. ಮುಂದಿನದರಲ್ಲಿ ಪೇಪರು, ಪುಸ್ತಕ. ಹಿಂದಿನದರಲ್ಲಿ ಯಾರೋ ಗಲ್ಫಿನವರು ದಾನ ಕೊಟ್ಟ ಆರು ಕಂಪ್ಯೂಟರು. ಸರ್ಕಾರಿ ಪರೀಕ್ಷೆಗಳಿಗೆ ಓದುವವರು ಅಲ್ಲಿ ಬಂದು ಕೂರುತ್ತಾರೆ. ಬೀಗ ತೆಗೆಯುವುದು, ಕಸ ಗುಡಿಸುವುದು, ಪುಸ್ತಕ ಕೊಡುವುದು, ಅರ್ಜಿ ತುಂಬಿಸುವುದು, ಎಲ್ಲಕ್ಕೂ ಒಬ್ಬರೇ ಮೇಡಂ. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರಿ.

ಒಂದು ದಿನ ಅವರ ಫೋನು ಬಂತು.

"ಅಕ್ಕ, ನೆಟ್ ಸತ್ತು ಹದಿನೈದು ದಿನ ಆಯ್ತು. ರಸ್ತೆ ಅಗಲ ಮಾಡುವವರು ಕೇಬಲ್ ಕಿತ್ತು ಹಾಕಿದ್ದಾರೆ. ಸಿಮ್ ಹಾಕುವ ಒಂದು ಡಬ್ಬ ಉಂಟು. ಅದು ಮಧ್ಯಾಹ್ನದವರೆಗೆ ಉಸಿರಾಡ್ತದೆ, ದಿನದ ಡೇಟಾ ಮುಗಿದ್ರೆ ಮತ್ತೆ ಎಂತದೂ ಇಲ್ಲ. ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

ಹೋದೆ. ಬಾಗಿಲಲ್ಲೇ ಒಬ್ಬರು ಅಜ್ಜ ಪೇಪರ್ ಹಿಡಿದು ಕೂತಿದ್ದರು. ಒಂದು ಕಾಲದಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಈಗ ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಮೊದಲ ಗಿರಾಕಿ. ನನ್ನ ಬ್ಯಾಗು, ಕೇಬಲು ನೋಡಿದವರೇ ಶುರು ಮಾಡಿದರು.

"ಬಂದ್ರಾ ಡಾಕ್ಟ್ರು? ಪೇಷೆಂಟು ಹೋಗಿ ಹದಿನೈದು ದಿನ ಆಯ್ತಲ್ಲ ಮಾರಾಯ್ರೆ. ಉತ್ತರಕ್ರಿಯೆ, ಬೊಜ್ಜದ ಊಟ ಎಲ್ಲ ಮುಗೀತು."

ಮೇಡಂ ಮೇಜಿನ ಮೇಲೆ ಪರೀಕ್ಷೆಯ ಗೈಡುಗಳ ರಾಶಿ. ಓದಿ ನಿಲ್ಲಿಸಿದ ಕಡೆಯಲ್ಲೆಲ್ಲ ಬಸ್ ಟಿಕೆಟ್ ಇಟ್ಟಿದ್ದರು. ಯಾರಿಗೆ ಅಂತ ಕೇಳಿದೆ.

"ನನಗೇ. ಗ್ರಂಥಪಾಲಕರ ಕಾಯಂ ಪೋಸ್ಟಿಗೆ ಕರೆದಿದ್ದಾರೆ. ವಯಸ್ಸಿನ ಮಿತಿ ನೋಡಿದ್ರೆ ನನಗೆ ಇದೇ ಕೊನೆ ಸಲ ಅಕ್ಕ. ಇದು ತಪ್ಪಿದ್ರೆ ಮುಂದೆ ಅರ್ಜಿ ಹಾಕ್ಲಿಕ್ಕೂ ಇಲ್ಲ."

ನಗುತ್ತಲೇ ಹೇಳಿದರು. ಹಾಗೆ ಹೇಳುತ್ತ, ಎದುರಿಗೆ ನಿಂತವರ ಪುಸ್ತಕಕ್ಕೆ ತಾರೀಕಿನ ಸೀಲು ಒತ್ತಿದರು. ದಿನಾ ಬೆಳಿಗ್ಗೆ ಬಂದು ಆ ಸೀಲಿನ ರಬ್ಬರ್ ಚಕ್ರವನ್ನು ಬೆರಳಿನಿಂದ ಒಂದು ಹಲ್ಲು ತಿರುಗಿಸುವುದು ಅವರ ಮೊದಲ ಕೆಲಸ. ಪುಸ್ತಕ, ಅರ್ಜಿ, ಪ್ರಿಂಟು, ಆ ಮೇಜಿನಿಂದ ಹೊರಗೆ ಹೋಗುವ ಯಾವ ಕಾಗದಕ್ಕೂ ಸೀಲು ಬೀಳದೆ ಇರುವುದಿಲ್ಲ.

ನನಗೆ ಹೊಳೆದ ದಾರಿ ಪ್ರಾಕ್ಸಿ. ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ: ಆರು ಕಂಪ್ಯೂಟರೂ ನೇರವಾಗಿ ಹೊರಗೆ ಹೋಗುವ ಬದಲು ನಡುವಿನ ಒಂದು ಯಂತ್ರವನ್ನು ಕೇಳುತ್ತವೆ. ಅದು ಹೊರಗೆ ಹೋಗಿ ತಂದು ಕೊಡುತ್ತದೆ, ತಂದದ್ದರ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎರಡನೆಯವರು ಅದನ್ನೇ ಕೇಳಿದರೆ ಹೊರಗೆ ಹೋಗುವುದಿಲ್ಲ, ಇಟ್ಟ ಪ್ರತಿಯನ್ನೇ ಕೊಡುತ್ತದೆ. ಡೇಟಾ ಉಳಿಯುತ್ತದೆ. ಮಣಿಪಾಲದ ಒಂದು ಹಾಸ್ಟೆಲಿನವರು ಗುಜರಿಗೆ ಹಾಕಲಿದ್ದ ಹಳೇ ಸಿಸ್ಟಮ್ ನನ್ನ ಹತ್ತಿರ ಇತ್ತು. ಅದನ್ನೇ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ತಂದೆ. ಹತ್ತು ಹದಿನೈದು ವರ್ಷ ಹಿಂದೆ ಇಂಥದ್ದನ್ನು ಎಷ್ಟೋ ಕಾಲೇಜುಗಳಲ್ಲಿ ಕೂರಿಸಿದ್ದೇನೆ; ಕಣ್ಣು ಮುಚ್ಚಿ ಮಾಡುವ ಕೆಲಸ ಅಂತ ಧೈರ್ಯ.

ಅರ್ಧ ದಿನದಲ್ಲಿ ಯಂತ್ರ ಎದ್ದು ನಿಂತಿತು. ಡೇಟಾ ಸೋರಬಾರದು ಅಂತ ಫೈರ್‌ವಾಲಿನಲ್ಲಿ ವೆಬ್‌ಸೈಟಿಗೆ ಬೇಕಾದಷ್ಟೇ ಬಾಗಿಲು ತೆರೆದಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದೆ. ಬಹಳ ಬಿಗಿಯಾಗಿ ಮಾಡಿದ್ದೇನೆ ಅಂತ ಹೆಮ್ಮೆಯೂ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಮೂರು ದಿನ ಬಿಟ್ಟು ಹೋಗಿ, ಯಂತ್ರ ತಾನೇ ತಾರೀಕು ಹಾಕಿ ಬರೆದಿಡುವ ಲಾಗ್ ನೋಡಿದರೆ ಸೊನ್ನೆಯ ಹತ್ತಿರದ ಫಲ. ನೂರು ಕೇಳಿದರೆ ಇಟ್ಟ ಪ್ರತಿಯಿಂದ ಕೊಟ್ಟದ್ದು ಎರಡೋ ಮೂರೋ. ಕಾರಣ ನನಗೆ ಗೊತ್ತಿರಬೇಕಿತ್ತು. ಈಗ ಹೆಚ್ಚುಕಡಿಮೆ ಎಲ್ಲ ಸೈಟಿಗೂ ಬೀಗ. ಪುಟ ಹೊರಡುವಾಗಲೇ ಮುಚ್ಚಿದ ಲಕೋಟೆಯಲ್ಲಿ ಹೊರಡುತ್ತದೆ, ಕೇಳಿದವರ ಕೈಯಲ್ಲೇ ತೆರೆಯುತ್ತದೆ. ನಡುವಿನ ಯಂತ್ರಕ್ಕೆ ಲಕೋಟೆ ದಾಟಿಸುವ ಕೆಲಸ ಮಾತ್ರ. ಪ್ರತಿ ಇಡುವುದಾದರೂ ಯಾವುದರದ್ದು?

ಅಜ್ಜ ಪೇಪರಿನ ಹಿಂದಿನಿಂದಲೇ ಕೇಳಿದರು. "ಎಂತ, ಹೊಸ ಡಬ್ಬಕ್ಕೂ ಜ್ವರವಾ?"

ದಾರಿ ಒಂದಿತ್ತು. ನನ್ನದೇ ಸರ್ಟಿಫಿಕೇಟನ್ನು, ಅಂದರೆ ನಡುವಿನ ಯಂತ್ರವನ್ನು ನಂಬು ಅನ್ನುವ ಗುರುತುಪತ್ರವನ್ನು, ಆರೂ ಕಂಪ್ಯೂಟರಿಗೆ ಹಾಕಿ, ಲಕೋಟೆಯನ್ನು ನಡುವಲ್ಲೇ ಬಿಚ್ಚಿಸುವುದು. ಮೇಡಂಗೆ ವಿವರಿಸಿದೆ. ಅವರು ಸೀಲು ಕೆಳಗಿಟ್ಟರು.

"ಅಂದ್ರೆ ನಿಮ್ಮ ಡಬ್ಬ ಎಲ್ಲರ ಕಾಗದ ಬಿಚ್ಚಿ, ನೋಡಿ, ಪುನಃ ಅಂಟಿಸಿ ಕೊಡುದಾ?"

"ನೋಡುವುದು ಯಂತ್ರ ಅಲ್ವಾ ಮೇಡಂ, ನಾನಲ್ಲ."

"ಇಲ್ಲಿ ಹೆಂಗಸರು ಬಂದು ಬ್ಯಾಂಕ್ ನೋಡ್ತಾರೆ. ಗಂಡ ದುಬೈಯಿಂದ ಎಂತ ಬರೆದ ಅಂತ ನೋಡ್ತಾರೆ. ನನ್ನ ನಂಬಿ ಬರುದು ಅವರು. ಬೇಡ ಅಕ್ಕ. ನೆಟ್ ಇಲ್ಲದಿದ್ರೂ ಆದೀತು."

ಅವರು ಹೇಳಿದ್ದೇ ಸರಿ. ಆ ಕೋಣೆಯಲ್ಲಿ ಸರಿಯಾದ ತೀರ್ಮಾನ ಮಾಡಿದವರು ಅವರೊಬ್ಬರೇ.

ನನಗೆ ಮಾತ್ರ ಸೋತು ಎದ್ದು ಹೋಗುವ ಮನಸ್ಸಿಲ್ಲ. ಬೀಗವಿಲ್ಲದೆ ಉಳಿದಿರುವುದು ಏನುಂಟು ಅಂತ ಹುಡುಕಿದೆ. ಸಿಕ್ಕಿತು. ಕಂಪ್ಯೂಟರುಗಳ ಅಪ್‌ಡೇಟು, ಮತ್ತೆ ಕೆಲವು ಇಲಾಖೆಗಳ ಹಳೇ ಸೈಟುಗಳು. ಅಲ್ಲಿ ಓದುವವರು ಇಳಿಸಿಕೊಳ್ಳುವುದೂ ಅದನ್ನೇ: ಹಳೇ ಪ್ರಶ್ನೆಪತ್ರಿಕೆ, ಪಠ್ಯಕ್ರಮ, ಪಟ್ಟಿ. ಎಲ್ಲ ದೊಡ್ಡ ದೊಡ್ಡ ಪಿಡಿಎಫ್. ಆದರೆ ಆ ಸೈಟುಗಳು ಫೈಲಿನ ಜೊತೆಗೇ 'ಇದರ ಪ್ರತಿ ಇಡಬೇಡ, ಪ್ರತಿಸಲ ನನ್ನನ್ನೇ ಕೇಳು' ಅಂತ ಸೂಚನೆ ಕಳಿಸುತ್ತವೆ. ನಾನು ಒಂದು ಸಾಲು ಬರೆದೆ: ಆ ಸೂಚನೆಯನ್ನು ಲೆಕ್ಕಕ್ಕೆ ಹಿಡಿಯಬೇಡ, ಯಾವುದೇ ಪಿಡಿಎಫ್ ಬಂದರೂ ಒಂದು ದಿನ ಇಟ್ಟುಕೋ, ಇಪ್ಪತ್ತನಾಲ್ಕು ಗಂಟೆ ಆದ ಮೇಲೆ ಮಾತ್ರ ಹೊಸದು ತಾ.

ಒಂದು ದಿನ ತಾನೇ, ಏನಾಗುತ್ತದೆ ಅಂದುಕೊಂಡೆ.

ಫಲ ಬಂತು. ಸಂಜೆಯವರೆಗೂ ನೆಟ್ ಉಳಿಯತೊಡಗಿತು. ಮೇಡಂ ಫೋನು ಮಾಡಿ, "ಅಕ್ಕ, ಇವತ್ತು ನಾಲ್ಕು ಗಂಟೆಗೂ ಪ್ರಶ್ನೆಪತ್ರಿಕೆ ಇಳೀತು!" ಅಂದರು. ಅಜ್ಜ ಹಿಂದಿನಿಂದ, "ಡಾಕ್ಟ್ರಿಗೆ ಒಂದು ಮಟ್ಟುಗುಳ್ಳ ಬದನೆ ಕೊಟ್ಟು ಕಳಿಸಿ" ಅಂತ ಕೂಗಿದ್ದು ಕೇಳಿಸಿತು. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ದಿನ ಅದೊಂದೇ.

ವಾರ ಕಳೆದು ಇನ್ನೊಂದು ಫೋನು. ಬೆಳಿಗ್ಗೆ ಪ್ರಾಕ್ಸಿ ಏಳುವುದೇ ಇಲ್ಲವಂತೆ. ಹೋಗಿ ಮಾನಿಟರ್ ಸಿಕ್ಕಿಸಿ ನೋಡಿದೆ. ಕಪ್ಪು ಪರದೆಯಲ್ಲಿ ಎರಡು ಸಾಲು: ಗಡಿಯಾರದ ಬ್ಯಾಟರಿ ಮುಗಿದಿದೆ, ಮುಂದುವರಿಯಲು ಎಫ್-ಒಂದು ಒತ್ತಿ.

"ಇದರ ಪ್ಲಗ್ ತೆಗೀತೀರಾ ಮೇಡಂ?"

"ಮತ್ತೆಂತ? ದಿನಾ ತೆಗೀತೇನೆ. ಗುಡುಗಿದ್ರೆ ಆಗಲೇ. ಗುಡುಗದಿದ್ರೆ ಮನೆಗೆ ಹೊರಡುವಾಗ. ರಾತ್ರಿ ಸಿಡಿಲು ಬಡಿದ್ರೆ ಯಾರು ಓಡಿ ಬರುದು?"

"ಇದೊಂದನ್ನು ಬಿಟ್ಟುಬಿಡಿ. ಪದೇ ಪದೇ ಕರೆಂಟು ಹೋದ್ರೆ ಇದಕ್ಕೆ ಒಳ್ಳೇದಲ್ಲ."

"ಆಗುದಿಲ್ಲ ಅಕ್ಕ. ಉಳಿದದ್ದೆಲ್ಲ ದಾನದ್ದು. ಇದು ನಿಮ್ಮದು. ಸುಟ್ಟುಹೋದ್ರೆ ನಿಮಗೆ ನಾನು ಎಂತ ಮುಖ ತೋರಿಸುದು?"

ನನ್ನದು ಅಂತ ಕಾಳಜಿ. ಹಿಂದಿನ ದಿನ ನಾನೇ ಮನೆಯಲ್ಲಿ ಎಲ್ಲ ಕಿತ್ತಿದ್ದೆ.

ಮಾಡಬೇಕಾಗಿದ್ದದ್ದು ಸುಲಭ. ಪೆಟ್ಟಿಗೆ ಬಿಚ್ಚಿ, ಒಳಗಿನ ಬಟನ್ ಸೆಲ್ ಬದಲಿಸುವುದು. ಬ್ಯಾಗಿನಲ್ಲಿ ಸೆಲ್ ಇರಲಿಲ್ಲ. ಶಿರ್ವ ಪೇಟೆಗೆ ಹೋಗಿ ತರಬಹುದಿತ್ತು. ಕಾರ್ಕಳದಲ್ಲಿ ಇನ್ನೊಬ್ಬರು ಕಾಯುತ್ತಿದ್ದರು, ಹೊತ್ತಾಗಿತ್ತು. ಮುಂದಿನ ಸಲ ಬರುವಾಗ ಹಾಕಿದರಾಯಿತು ಅಂತ, ಸೆಟ್ಟಿಂಗಿಗೆ ಹೋಗಿ ಆ ಎಚ್ಚರಿಕೆಯನ್ನೇ ಬಂದ್ ಮಾಡಿದೆ. ಇನ್ನು ಯಾವ ಸಂದೇಶವೂ ಬರುವುದಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ, ಪ್ಲಗ್ ಹಾಕಿದರೆ ನೇರ ಏಳುತ್ತದೆ.

"ಸರಿಯಾಯ್ತಾ?"

"ಸರಿಯಾಯ್ತು ಮೇಡಂ."

ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು. ಹೇಳುವಾಗ ನನಗದು ಸುಳ್ಳು ಅಂತ ಗೊತ್ತಿರಲಿಲ್ಲ, ಅಷ್ಟೇ.

ಪರೀಕ್ಷೆ ಭಾನುವಾರ. ಮೇಡಂ ಹಾಲ್ ಟಿಕೆಟಿನಲ್ಲಿ ಕಾರ್ಕಳದ ಒಂದು ಶಾಲೆಯ ಹೆಸರಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಪರೀಕ್ಷೆಯ ಹಿಂದಿನ ದಿನ ವೆಬ್‌ಸೈಟಿನ ಕೇಂದ್ರಗಳ ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಬೇಕು ಅಂತ ಸೂಚನೆ. ಅವರದ್ದು ನೆಟ್ ಇಲ್ಲದ ಸಣ್ಣ ಫೋನು; ಪಟ್ಟಿ ಬಂದ ದಿನವೇ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿದ್ದರು. ಶನಿವಾರ ಬೆಳಿಗ್ಗೆ ಇನ್ನೊಮ್ಮೆ ನೋಡಿದರು, ಪ್ರಿಂಟ್ ತೆಗೆದರು, ಅದರ ಮೇಲೂ ತಾರೀಕಿನ ಸೀಲು ಒತ್ತಿದರು. ಕಂಡಕ್ಟರ್ ಅಜ್ಜ ಬಸ್ಸಿನ ಟೈಮು ಬರೆದುಕೊಟ್ಟರು: ಬೆಳ್ಮಣ್ಣಿನಲ್ಲಿ ಇಳಿದು ಕಾರ್ಕಳದ ಬಸ್ಸು ಹತ್ತಬೇಕು, ಎಂಟೂಕಾಲಿಗೆ ಶಾಲೆಯ ಗೇಟು. ಒಂಬತ್ತೂವರೆಗೆ ಗೇಟು ಮುಚ್ಚುವುದು. ಒಂದು ಗಂಟೆಗೂ ಹೆಚ್ಚು ಹೊತ್ತು ಕೈಯಲ್ಲಿ ಉಂಟು.

ಆ ಭಾನುವಾರ ನಾನು ಮಣಿಪಾಲದ ಹಾಸ್ಟೆಲೊಂದರಲ್ಲಿ ಏಣಿಯ ಮೇಲಿದ್ದೆ. ಎಂಟೂವರೆಗೆ ಫೋನು.

"ಅಕ್ಕ, ಇಲ್ಲಿ ಯಾರೂ ಇಲ್ಲ. ಶಾಲೆಗೆ ಬೀಗ. ಒಬ್ಬರು ಹುಲ್ಲು ಕೊಯ್ತಾ ಇದ್ದಾರೆ, ಇವತ್ತೆಂತ ಪರೀಕ್ಷೆ ಅಂತ ನನ್ನನ್ನೇ ಕೇಳ್ತಾರೆ."

ಏಣಿಯ ಮೇಲಿಂದಲೇ ನನ್ನ ಫೋನಿನಲ್ಲಿ ಪಟ್ಟಿ ತೆರೆದೆ. ಅವರು ಓದಿ ಹೇಳಿದ ನಂಬರಿನ ಎದುರು ಮಣಿಪಾಲದ ಕಾಲೇಜು. ಪಟ್ಟಿಯ ತಲೆಯಲ್ಲಿ 'ಪರಿಷ್ಕೃತ' ಅಂತ ಒಂದು ಪದ.

"ಮಣಿಪಾಲ ಮೇಡಂ. ರಿಕ್ಷಾ ಹಿಡೀರಿ. ಹಿರಿಯಡ್ಕ ದಾರಿ. ಈಗಲೇ."

"ನಿನ್ನೆ ನೋಡಿದ್ದೆನಲ್ಲ ಅಕ್ಕ," ಅಂದರು. ಫೋನು ಕಟ್ಟಾಯಿತು.

ನಾನು ಕಾಲೇಜಿನ ಗೇಟಿಗೆ ಓಡಿದೆ. ಕಾರ್ಕಳದಿಂದ ಮಣಿಪಾಲ ರಿಕ್ಷಾದಲ್ಲಿ ಎಷ್ಟು ಹೊತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂಬತ್ತೂ ಇಪ್ಪತ್ತಕ್ಕೆ ಹಿರಿಯಡ್ಕ ದಾಟಿದ್ದರು. ಒಂಬತ್ತೂವರೆಗೆ ಪರ್ಕಳದಲ್ಲಿ, ಅಗೆದು ಹಾಕಿದ ರಸ್ತೆಯಲ್ಲಿ, ಒಂದು ಟಿಪ್ಪರಿನ ಹಿಂದೆ. ಗೇಟಿನ ಪೊಲೀಸಿನವರಿಗೆ ನಾನು ಕೈಮುಗಿದೆ. ಈ ಬಾಯಿ ಯಾರ ಹತ್ತಿರವೂ ಅಷ್ಟು ಬೇಡಿದ್ದಿಲ್ಲ.

"ಹತ್ತು ನಿಮಿಷ ಸರ್. ಪರ್ಕಳದಲ್ಲಿದ್ದಾರೆ. ಇಲ್ಲೇ ಏರು ಹತ್ತಿದ್ರೆ ಬಂದ್ರು."

"ನಾನು ಬಿಟ್ರೆ ನಾಳೆ ನಾನು ಮನೆಯಲ್ಲಿ ಕೂರ್ಬೇಕಾಗ್ತದೆ ಅಮ್ಮ. ಒಳಗೆ ಹತ್ತು ಗಂಟೆಗೆ ಪರೀಕ್ಷೆ ಶುರು, ಇಲ್ಲಿ ಒಂಬತ್ತೂವರೆಗೆ ಬೀಗ. ಬರೆದು ಕೊಟ್ಟಿದ್ದಾರೆ."

ಬೀಗ ಬಿತ್ತು. ಹನ್ನೊಂದು ನಿಮಿಷ ತಡವಾಗಿ ರಿಕ್ಷಾ ಬಂತು. ಮೇಡಂ ಇಳಿದು ಗೇಟಿನ ಸರಳಿನ ನಡುವಿಂದ ಪ್ರಿಂಟನ್ನು ಒಳಗೆ ಚಾಚಿದರು. ಒಳಗಿದ್ದ ಪರೀಕ್ಷಾ ಅಧಿಕಾರಿ ಬಂದು ನೋಡಿದರು. ಕೆಟ್ಟ ಮನುಷ್ಯರೇನಲ್ಲ.

"ಇದು ಹಳೇ ಪಟ್ಟಿ ಅಲ್ವಾಮ್ಮ? ಬದಲಾಗಿ ಎಂಟು ದಿನ ಆಯ್ತು. ಅದೇ ಲಿಂಕಿನಲ್ಲಿ ಹೊಸದು ಹಾಕಿದ್ದಾರೆ."

"ನಿನ್ನೆ ತೆಗೆದದ್ದು ಸರ್. ಸೀಲು ನೋಡಿ."

"ಸೀಲು ನಿಮ್ಮ ಕೈಯಲ್ಲೇ ಉಂಟಲ್ಲ ಮೇಡಂ. ಯಾವ ತಾರೀಕು ಬೇಕಾದ್ರೂ ಒತ್ಬಹುದು."

ಮೇಡಂ ಪ್ರಿಂಟನ್ನು ಸರಳಿನ ನಡುವಿಂದ ಹಿಂದಕ್ಕೆ ಎಳೆದುಕೊಂಡರು. ಹನ್ನೊಂದು ವರ್ಷ ಒಂದು ದಿನವೂ ತಪ್ಪು ತಾರೀಕು ಒತ್ತದವರಿಗೆ ಆ ಮಾತು. ನಾನು ಪಕ್ಕದಲ್ಲಿ ನಿಂತು ಆ ಕಾಗದವನ್ನೇ ನೋಡುತ್ತಿದ್ದೆ. ಒಂದು ದಿನ ಇಟ್ಟುಕೋ ಅಂತ ಬರೆದವಳು ನಾನು. ಆದರೆ ಎಂಟು ದಿನ ಹೇಗೆ ಉಳಿಯಿತು?

ಬಾಯಿಬಿಡಲಿಲ್ಲ. ಅವರನ್ನು ಸ್ಕೂಟರಿನಲ್ಲಿ ಉಡುಪಿ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ದಾರಿಯಲ್ಲಿ ಒಮ್ಮೆ ಮಾತ್ರ, "ನನ್ನ ಕಣ್ಣಿಗೇ ಎಂತಾದ್ರೂ ಆಯ್ತಾ ಅಂತ," ಅಂದರು.

ಸೋಮವಾರ ಗ್ರಂಥಾಲಯ ತೆಗೆಯುವ ಹೊತ್ತಿಗೇ ಹೋಗಿ ಲಾಗ್ ತೆರೆದೆ. ಶನಿವಾರದ ಸಾಲು ಹುಡುಕಿದರೆ ಶನಿವಾರವೇ ಇಲ್ಲ. ಆ ವಾರವೇ ಇಲ್ಲ. ಆ ವರ್ಷವೇ ಇಲ್ಲ. ಇದ್ದದ್ದು ಎಷ್ಟೋ ವರ್ಷ ಹಿಂದಿನ ಜನವರಿ ಒಂದು. ಅದರ ಕೆಳಗೆ ಮತ್ತೆ ಜನವರಿ ಒಂದು. ಮತ್ತೆ ಜನವರಿ ಒಂದು. ದಿನಾ ಪ್ಲಗ್ ತೆಗೆದಾಗ ಸತ್ತ ಸೆಲ್ಲಿನಿಂದಾಗಿ ಗಡಿಯಾರ ಅಳಿಸಿಹೋಗುತ್ತಿತ್ತು. ಮರುದಿನ ಪ್ಲಗ್ ಹಾಕಿದಾಗ ಯಂತ್ರ ಜನವರಿ ಒಂದರ ಮಧ್ಯರಾತ್ರಿಯಿಂದ ಶುರು ಮಾಡುತ್ತಿತ್ತು. ಸಂಜೆಗೆ ಪುನಃ ಸಾವು. ಅದರ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆ ಒಮ್ಮೆಯೂ ಪೂರ್ತಿ ಆಗಲೇ ಇಲ್ಲ. ಪಟ್ಟಿ ಯಾವಾಗಲೂ ಈಗಷ್ಟೇ ಬಂದದ್ದು, ಯಾವಾಗಲೂ ಹೊಸದು. ಇಂಟರ್ನೆಟ್ಟಿನಿಂದ ಸರಿ ಸಮಯ ಕೇಳಿಕೊಳ್ಳುವ ವ್ಯವಸ್ಥೆ ಅದರೊಳಗೆ ಇತ್ತು. ಆ ಬಾಗಿಲನ್ನು ಫೈರ್‌ವಾಲಿನಲ್ಲಿ ಮುಚ್ಚಿದವಳು ನಾನು. ಬ್ಯಾಟರಿ ಸತ್ತಿದೆ ಅಂತ ಅದು ದಿನಾ ಹೇಳುತ್ತಿತ್ತು. ಆ ಬಾಯಿಯನ್ನೂ ನಾನೇ ಮುಚ್ಚಿಸಿದ್ದೆ. ಪ್ರತಿ ಇಡಬೇಡ ಅಂತ ಸೈಟು ಹೇಳಿತ್ತು. ಅದನ್ನೂ ಕೇಳಬೇಡ ಅಂದಿದ್ದೆ.

ಮೇಡಂ ಪಕ್ಕದಲ್ಲೇ ನಿಂತಿದ್ದರು. ಹೇಳದೆ ಎದ್ದು ಹೋಗಬಹುದಿತ್ತು. ಅವರಿಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಏನಾದರೂ ಆಯಿತಾ ಅಂತ ಕೇಳಿದ್ದರಲ್ಲ, ಆ ಮಾತು ನನ್ನನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಎಲ್ಲವನ್ನೂ ಹೇಳಿದೆ.

"ಅಂದ್ರೆ ಅದು ನನಗೆ ಹಳೇದನ್ನೇ ಕೊಟ್ಟದ್ದು."

"ಹೌದು."

"ಹೊಸದು ಅಂತ ಹೇಳಿ."

"ಹೌದು ಮೇಡಂ."

"ಪ್ಲಗ್ ತೆಗೆದದ್ದು ನಾನಲ್ವಾ."

"ನೀವು ತೆಗೆದದ್ದರಿಂದ ಅಲ್ಲ. ನಾನು ಸರಿಯಾಯ್ತು ಅಂದದ್ದರಿಂದ."

ಅವರು ಹೋಗಿ ಸೀಲಿನ ಚಕ್ರ ತಿರುಗಿಸಿದರು. ಆವತ್ತಿನ ದಿನಕ್ಕೆ ಅದು ಅದಾಗಲೇ ಸರಿಯಾಗಿತ್ತು. ಮುಂದೆ ಹೋಯಿತು, ಮತ್ತೆ ಹಿಂದಕ್ಕೆ ತಿರುಗಿಸಿ ಇಟ್ಟರು.

ನಾನು ಪತ್ರ ಬರೆದೆ. ನನ್ನ ಹೆಸರು, ನನ್ನ ಸಹಿ, ನನ್ನ ತಪ್ಪು, ಜೊತೆಗೆ ಲಾಗಿನ ಪ್ರಿಂಟು. ಇಬ್ಬರೂ ಉಡುಪಿಯಲ್ಲಿ ಪರೀಕ್ಷೆ ನೋಡಿಕೊಳ್ಳುವ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ತಾಳ್ಮೆಯಿಂದ ಪೂರ್ತಿ ಓದಿದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇವರು ಪಟ್ಟಿ ನೋಡಿದ್ದು ಇದಾ? ಜನವರಿ ಒಂದು, ರಾತ್ರಿ ಒಂದೂಕಾಲು ಗಂಟೆಗೆ. ಈ ಪೋಸ್ಟಿಗೆ ಅರ್ಜಿ ಕರೆಯುವುದಕ್ಕೆ ಎಷ್ಟೋ ವರ್ಷ ಮೊದಲು. ಇದನ್ನು ನಾನು ಮೇಲೆ ಕಳಿಸಿದ್ರೆ ನನ್ನನ್ನೇ ನಗಾಡ್ತಾರೆ ಮಾರಾಯ್ರೆ."

"ಅದೇ ನಾನು ಹೇಳುವುದು ಸರ್. ಗಡಿಯಾರ ತಪ್ಪಿತ್ತು."

"ಗಡಿಯಾರ ತಪ್ಪಿದ್ರೆ ದಾಖಲೆಯೂ ತಪ್ಪು, ಅಲ್ವಾ?"

ಪತ್ರ ತೆಗೆದುಕೊಂಡರು, ಸ್ವೀಕೃತಿ ಕೊಟ್ಟರು. ಮೂರು ವಾರ ಕಳೆದು ಉತ್ತರ ಬಂತು. ಕೇಂದ್ರವನ್ನು ಖಚಿತಪಡಿಸಿಕೊಳ್ಳುವ ಜವಾಬ್ದಾರಿ ಅಭ್ಯರ್ಥಿಯದ್ದು. ಮರುಪರೀಕ್ಷೆಗೆ ಅವಕಾಶವಿಲ್ಲ.

ಅಷ್ಟರಲ್ಲಿ ನಾನು ಸೆಲ್ ಹಾಕಿಯಾಗಿತ್ತು. ಎರಡು ನಿಮಿಷದ ಕೆಲಸ. ಸಮಯದ ಬಾಗಿಲು ತೆರೆದೆ, ಪಿಡಿಎಫ್‌ನ ಆ ಸಾಲನ್ನು ಅಳಿಸಿದೆ. ಈಗ ಯಂತ್ರ ತಾರೀಕು ಸರಿಯಾಗಿ ಹೇಳುತ್ತದೆ, ಹಳೇದನ್ನು ಕೊಡುವುದಿಲ್ಲ. ಉಪಯೋಗಕ್ಕೂ ಬರುವುದಿಲ್ಲ. ನೆಟ್ ಮೊದಲಿನ ಹಾಗೆ ಮಧ್ಯಾಹ್ನಕ್ಕೇ ನಿಲ್ಲುತ್ತದೆ. ಕೇಬಲ್ ಜೋಡಿಸಲು ಇನ್ನೂ ಯಾರೂ ಬಂದಿಲ್ಲ.

ಕೊನೆಯ ಸಲ ಹೋದದ್ದು ಪ್ರಾಕ್ಸಿಯ ಡಬ್ಬವನ್ನು ವಾಪಸು ತರಲು. ಮೇಡಂ ಮೇಜಿನ ಮೇಲೆ ಗೈಡುಗಳು ಇರಲಿಲ್ಲ. ಓದುವವರಿಗೆ ಅಂತ ಕಪಾಟಿನಲ್ಲಿ ಸೇರಿಸಿದ್ದರು. ಪ್ರತಿಯೊಂದಕ್ಕೂ ನಂಬರು, ಸೀಲು. ಬಸ್ ಟಿಕೆಟುಗಳು ಇನ್ನೂ ಒಳಗೇ ಇದ್ದವು.

"ಇದನ್ನು ತೆಗೊಂಡು ಹೋಗ್ತೇನೆ ಮೇಡಂ."

"ಇರ್ಲಿ ಬಿಡಿ. ಅಲ್ಲಿ ಇದ್ರೆ ನನಗೆಂತ ತೊಂದರೆ?"

ಅಜ್ಜ ಪೇಪರಿನಿಂದ ತಲೆ ಎತ್ತಲಿಲ್ಲ. ಡಾಕ್ಟ್ರು ಅಂತ ಆ ದಿನ ಕರೆಯಲೂ ಇಲ್ಲ.

ಮೂರು ಗಂಟೆಯ ಹೊತ್ತಿಗೆ ಘಟ್ಟದ ಕಡೆಯಿಂದ ಗುಡುಗಿತು. ಮೇಡಂ ಎದ್ದರು. ಒಂದೊಂದಾಗಿ ಆರೂ ಕಂಪ್ಯೂಟರಿನ ಪ್ಲಗ್ ತೆಗೆದರು. ಪ್ರಿಂಟರಿನದ್ದು ತೆಗೆದರು. ಸಿಮ್ಮಿನ ಡಬ್ಬದ್ದು ತೆಗೆದು, ವಯರನ್ನು ಸುತ್ತಿ ಮೇಲೆ ಇಟ್ಟರು. ಪ್ರಾಕ್ಸಿಯ ಎದುರಿನಿಂದ ಹಾದು ಬಂದು ಕುರ್ಚಿಯಲ್ಲಿ ಕೂತರು. ಅದರ ಹಸಿರು ದೀಪ ಉರಿಯುತ್ತಲೇ ಇತ್ತು.

"ಅದೊಂದು ಉಳೀತು ಮೇಡಂ," ಅಂದೆ.

"ಗೊತ್ತುಂಟು."

ಎರಡನೇ ಸಲ ಗುಡುಗಿದ್ದು ಹತ್ತಿರದಲ್ಲೇ. ಕಿಟಕಿಯ ಸರಳು ಅದುರಿತು. ನಾನೂ ಎದ್ದು ತೆಗೆಯಲಿಲ್ಲ.